ಮುಂದಿನ ಸೀಟಿನ ಸಂಸಾರ

ಹೆಚ್ಚು ಕೊಟ್ಟರೆ ಹೆಚ್ಚು ಸುಖ ಸಿಗುತ್ತದೆ ಅಂತ ನನಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನಮ್ಮಪ್ಪನಂತೂ ಅಲ್ಲ. ಅವರು ಪುಕ್ಕಟೆ ಸಿಕ್ಕಿದ್ದನ್ನೂ ಒಂದು ಸಲ ಚೌಕಾಸಿ ಮಾಡಿಯೇ ತೆಗೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಎಲ್ಲಿ ಹೋದರೂ ಮುಂದೆ ಕೂರಬೇಕು, ನಾಲ್ಕು ಜನ ನೋಡಬೇಕು. ಮದ್ದೂರಿಗೆ ನಾಟಕದ ಕಂಪನಿ ಬಂದು ಡೇರೆ ಹಾಕಿದಾಗ ನನ್ನ ಪೈಕಿಯವರೆಲ್ಲ ಚಾಪೆಗೆ ಹೋದರೆ ನಾನು ಕುರ್ಚಿಗೆ ಹೋದೆ. ಕುರ್ಚಿ ಹಾರ್ಮೋನಿಯಂ ಮೇಷ್ಟರ ಪಕ್ಕಕ್ಕೇ ಇತ್ತು. ರಾಜ ಏನಂದ, ರಾಣಿ ಏನಂದಳು ಒಂದೂ ಕೇಳಲಿಲ್ಲ, ಬೆಳಗಿನ ತನಕ ಎಡಗಿವಿಯಲ್ಲಿ ಹಾರ್ಮೋನಿಯಂ ಒಂದೇ. ಹಿಂದೆ ಚಾಪೆಯ ಮೇಲಿದ್ದವರು ಕಡಲೇಕಾಯಿ ತಿನ್ನುತ್ತ, ಖಳನಾಯಕ ಹಾಡುವಾಗ ಒಂದು ಕೋಳಿನಿದ್ದೆ ತೆಗೆದು, ಹಾಸ್ಯಗಾರ ಬಂದಾಗ ಎದ್ದು ನಕ್ಕು ಸುಖವಾಗಿ ನಾಟಕ ನೋಡಿದರು. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ.

ನಮ್ಮ ತಾಲ್ಲೂಕು ಕಚೇರಿಯಲ್ಲಿ ಒಮ್ಮೆ ಇದೇ ವಿಷಯಕ್ಕೆ ದೊಡ್ಡ ಚರ್ಚೆ ನಡೆಯಿತು. ಶಿರಸ್ತೇದಾರರ ಭಾವಮೈದ ಯುದ್ಧಕ್ಕೆ ಮುಂಚೆ ಹಡಗು ಹತ್ತಿ ವಿಲಾಯಿತಿಗೆ ಹೋಗಿಬಂದಿದ್ದನಂತೆ. ಆ ಹಡಗಿನಲ್ಲಿ ಕೆಲವರು ಹೆಚ್ಚಿಗೆ ದುಡ್ಡು ಕೊಟ್ಟು, ಮಲಗೋಕೆ ಒಂದು ಕೋಣೆ, ಕೂರೋಕೆ ಒಂದು ಕೋಣೆ, ಸ್ನಾನಕ್ಕೆ ಬೇರೆ ಕೋಣೆ ಅಂತ ಒಂದು ಮನೆಯನ್ನೇ ಹಿಡಿದು ಪ್ರಯಾಣ ಮಾಡುತ್ತಾರಂತೆ. "ಅಲ್ಲಯ್ಯ, ಹೊಟ್ಟೆ ತೊಳಸಿಕೊಂಡು ಬಂದರೆ ಯಾವ ಕೋಣೆಯಾದರೇನು?" ಎಂದರು ಶಿರಸ್ತೇದಾರರು. ಎಲ್ಲರೂ ಹೌದು ಹೌದು ಎಂದರು. ನಾನೊಬ್ಬನೇ ಆ ಕೋಣೆಗಳ ಪರವಾಗಿ ವಾದ ಹೂಡಿದೆ. ಸಮುದ್ರವನ್ನು ನಾನು ಕಂಡವನಲ್ಲ, ತುಂಬಿದ ಮದ್ದೂರು ಕೆರೆಯೇ ನನ್ನ ಕಣ್ಣಿಗೆ ಸಾಕಷ್ಟು ದೊಡ್ಡದು. ಆದರೂ ಕೂರೋಕೆ ಬೇರೆ ಕೋಣೆ ಇದ್ದರೆ ಸಮುದ್ರ ಕೂಡ ಸ್ವಲ್ಪ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ ಎಂದು ಸಾಧಿಸಿದೆ. "ನೀನೂ ಹೋಗಲ್ಲ, ನಾನೂ ಹೋಗಲ್ಲ, ಯಾಕಯ್ಯ ಗಂಟಲು ಹರ್ಕೋತೀಯ, ಆ ಕಡತ ಇತ್ತ ಕೊಡು" ಎಂದರು ಅವರು.

ಹಡಗು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ನನಗೆ ಇದ್ದದ್ದು ಮದ್ದೂರಿಂದ ದೊಡ್ಡಿ, ಮಳವಳ್ಳಿ ಮೇಲೆ ಹಲಗೂರಿಗೆ ಹೋಗುವ ಬಸ್ಸು. ಹಲಗೂರು ನನ್ನ ಹೆಂಡತಿಯ ತವರು. ಯುದ್ಧ ಬಂದು ಪೆಟ್ರೋಲು ಕಾಣದಂತಾದ ಮೇಲೆ ಆ ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಡ್ರಮ್ಮು ಕಟ್ಟಿದ್ದರು. ಅದಕ್ಕೆ ಇದ್ದಿಲು ಸುರಿದು, ಬೆಂಕಿ ಹಾಕಿ, ಕಂಡಕ್ಟರು ಸಿದ್ದ ಪಕ್ಕದ ಹಿಡಿ ಹಿಡಿದು ತಿರುಗಿಸಿ ತಿರುಗಿಸಿ ಗಾಳಿ ಹೊಡೆದರೆ, ಅದರಿಂದ ಹುಟ್ಟಿದ ಗ್ಯಾಸಿನಲ್ಲಿ ಬಸ್ಸು ನಡೆಯಬೇಕು. ನಡೆಯುತ್ತಿತ್ತು, ನೆಲ ಸಮವಾಗಿದ್ದರೆ. ಏರು ಬಂತೋ, ಕೆಮ್ಮಿ ನಿಲ್ಲುತ್ತಿತ್ತು. ಆಗ ಹೆಂಗಸರು ಮಕ್ಕಳು ಇಳಿದು ನಡೆಯುವುದು, ಗಂಡಸರು ಇಳಿದು ತಳ್ಳುವುದು ವಾಡಿಕೆ. ಹಿಂದೆ ಕೂತವರಿಗೆ ಡ್ರಮ್ಮಿನ ಕಾವು, ಹೊಗೆ, ಮಸಿ ಎಲ್ಲವೂ ಟಿಕೀಟಿನೊಳಗೇ ಸೇರಿರುತ್ತಿದ್ದವು.

ಈ ಎಲ್ಲದರಿಂದ ಪಾರಾಗುವ ಒಂದೇ ಜಾಗ ಡ್ರೈವರ್ ಖಾದರ್ ಸಾಹೇಬರ ಪಕ್ಕದ ಸೀಟು. ಅದಕ್ಕೆ ಮೆತ್ತೆ ಇತ್ತು, ಅದಕ್ಕೆ ಬೇರೆ ರೇಟು ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಕೂತವರು ಇಳಿದು ತಳ್ಳಬೇಕಾಗಿರಲಿಲ್ಲ. ಹಾಗಂತ ಅದೇನು ವೈಕುಂಠವಲ್ಲ. ಕಾಲ ಕೆಳಗೇ ಇಂಜಿನ್ನು, ಮಳವಳ್ಳಿ ಮುಟ್ಟುವುದರೊಳಗೆ ಅಂಗಾಲು ಹದವಾಗಿ ಬೇಯುತ್ತಿತ್ತು. ದಾರಿಯಲ್ಲಿ ಅಮಲ್ದಾರರು ಕೈ ತೋರಿಸಿದರೆ ಎದ್ದು ಕೊಡಬೇಕು. ಯಾರದೋ ಹರಳೆಣ್ಣೆ ಡಬ್ಬ, ಯಾರದೋ ಕೋಳಿ ತೊಡೆಯ ಮೇಲೆ ಬರುತ್ತಿತ್ತು, "ಸ್ವಲ್ಪ ಹಿಡ್ಕಳಿ ಸ್ವಾಮಿ, ಹಿಂದೆ ಮಸಿ ಆಗ್ತದೆ" ಎಂದು. ಇಷ್ಟಾದರೂ ಊರು ಬಂದಾಗ ಮುಂದಿನ ಬಾಗಿಲಿನಿಂದ ಬಿಳಿ ಪಂಚೆಯಲ್ಲಿ ಇಳಿಯುವ ಆ ಒಂದು ಗಳಿಗೆಗೆ ನಾನು ದುಡ್ಡು ಕೊಡುತ್ತಲೇ ಇದ್ದೆ.

ತೊಂದರೆಯಾದದ್ದು ಆ ವರ್ಷದ ಗೌರಿ ಹಬ್ಬಕ್ಕೆ. ಜಯಮ್ಮನನ್ನು ತವರಿಗೆ ಬಿಟ್ಟು ಬರಲು ಹೊರಟೆ. ಮುಂದಿನ ಸೀಟು ಒಬ್ಬರಿಗೆ ಮಾತ್ರ. ಯಾರು ಕೂರಬೇಕು ಎಂಬ ಪ್ರಶ್ನೆ ನನಗೆ ಏಳಲೇ ಇಲ್ಲ, ನಾನು ಹೋಗಿ ಕೂತುಬಿಟ್ಟೆ. ಅವಳಿಗೆ ಹಿಂದೆ ಡ್ರಮ್ಮಿಗೆ ಒತ್ತಿಕೊಂಡಂತೆ ಜಾಗ ಸಿಕ್ಕಿತು. ಅವಳು ಒಂದು ಸಲ ನೋಡಿದಳು. ಆಗಲಾದರೂ ಸುಮ್ಮನಿರಬೇಕೋ ಬೇಡವೋ? "ನಿನ್ನದು ಕಡುಗೆಂಪು ಸೀರೆ, ಮಸಿ ಕಾಣಲ್ಲ. ನನ್ನದು ಬಿಳಿ ಪಂಚೆ ನೋಡು" ಎಂದು ವಿವರಣೆ ಬೇರೆ ಕೊಟ್ಟೆ. ದಾರಿಯುದ್ದಕ್ಕೂ ಅವಳು ಕೆಮ್ಮುವುದು ಕೇಳಿಸುತ್ತಿತ್ತು. ಏರಿನಲ್ಲಿ ಅವಳು ಗಂಟು ಹೊತ್ತು ನಡೆಯುವಾಗ ನಾನು ಖಾದರ್ ಸಾಹೇಬರ ಜೊತೆ ಜರ್ಮನಿಯವರು ಎಲ್ಲಿಯವರೆಗೆ ಬಂದಿದ್ದಾರೆ ಎಂದು ಮಾತಾಡುತ್ತಿದ್ದೆ.

ಹಬ್ಬ ಮುಗಿಯಿತು, ಅವಳು ಬರಲಿಲ್ಲ. ನವರಾತ್ರಿ ಮುಗಿಯಿತು, ಬರಲಿಲ್ಲ. ದೀಪಾವಳಿಗೆ ಮುಂಚೆ ಹಲಗೂರಿನವನೊಬ್ಬ ಪಹಣಿ ಕೆಲಸಕ್ಕೆ ಕಚೇರಿಗೆ ಬಂದವನು ಎಲ್ಲರೆದುರಿಗೇ, "ಜಯಕ್ಕ ಒಂದು ಮಾತ್ ಏಳು ಅಂದವ್ರೆ. 'ಅವ್ರು ಆ ಮುಂದಿನ್ ಸೀಟ್ನೇ ಕಟ್ಕಂಡು ಸಂಸಾರ ಮಾಡ್ಲಿ' ಅಂತ" ಎಂದ. ಶಿರಸ್ತೇದಾರರು ತಲೆ ಎತ್ತದೆ ಬರೆಯುತ್ತಲೇ ಇದ್ದರು, ಭುಜ ಮಾತ್ರ ಕುಲುಕುತ್ತಿತ್ತು.

ನಗುವವರಿಗೇನು. ಎರಡು ಹೊತ್ತು ಹೋಟೆಲಿನ ಉಪ್ಪಿಟ್ಟು ತಿಂದು ನನ್ನ ಹೊಟ್ಟೆ ಕೆಟ್ಟಿತ್ತು. ಬೀಗ ತೆಗೆದು ಒಳಗೆ ಹೋದರೆ ಮನೆ ಬಣಬಣ ಎನ್ನುತ್ತಿತ್ತು. ಅವಳಿದ್ದಾಗ ಬೈಗುಳ ಹೆಚ್ಚಾಯಿತು ಎನಿಸುತ್ತಿತ್ತು, ಈಗ ಯಾರಾದರೂ ಬೈದರೆ ಸಾಕು ಎನಿಸತೊಡಗಿತು. ಇನ್ನೂ ಹೆದರಿಕೆ ಏನೆಂದರೆ ನನ್ನ ಮಾವ ಬೋರೇಗೌಡರಿಗೆ ಮಗಳೆಂದರೆ ಪ್ರಾಣ. "ಇರ್ಲಿ ಬುಡು ಮಗಾ, ಇಲ್ಲೇ ಇರು" ಎಂದು ಅವರು ಒಂದು ಮಾತು ಅಂದರೆ ಅವಳು ಇದ್ದೇಬಿಡುವವಳು. ಅವರು ಅನ್ನುವ ಮೊದಲು ಹೋಗಿ ಕರೆತರಬೇಕೆಂದು ಒಂದು ದಿನ ರಜೆ ಹಾಕಿ, ಗಂಜಿ ಹಾಕಿದ ಪಂಚೆ ಉಟ್ಟು, ಕೋಟು ತೊಟ್ಟು, ಪೇಟ ಇಟ್ಟು ಬಸ್ಸಿಗೆ ಬಂದೆ.

ಈ ಸಲ ಹಿಂದೆಯೇ ಕೂರಬೇಕು ಅಂತ ಮನೆಯಿಂದಲೇ ನಿಶ್ಚಯ ಮಾಡಿಕೊಂಡಿದ್ದೆ. ಆದರೆ ಖಾದರ್ ಸಾಹೇಬರು ಮೆತ್ತೆಯ ಧೂಳು ಕೊಡವಿ, "ಬನ್ನಿ ಗುಮಾಸ್ತರೇ, ನಿಮ್ಮ ಸೀಟು" ಎಂದರು. ಪ್ರೀತಿಯಿಂದ ಕರೆದವರಿಗೆ ಒಲ್ಲೆ ಅನ್ನುವುದು ಹೇಗೆ? ಅಲ್ಲದೆ, ವಾಪಸು ಬರುವಾಗ ಅವಳನ್ನು ಅಲ್ಲೇ ಕೂರಿಸುವವನು ನಾನು. ಸೀಟು ಸರಿಯಾಗಿದೆಯೋ ಇಲ್ಲವೋ ಒಂದು ಸಲ ನೋಡಿಕೊಳ್ಳುವುದು ಗಂಡನ ಕರ್ತವ್ಯವಲ್ಲವೇ? ಹೀಗೆಲ್ಲ ಯೋಚಿಸುವಷ್ಟರಲ್ಲಿ ನಾನು ಕೂತಾಗಿತ್ತು.

ಮಳವಳ್ಳಿಯಲ್ಲಿ ಸಂತೆ ಮುಗಿಸಿಕೊಂಡವರು ಒಂದು ಹಿಂಡು ಹತ್ತಿದರು. ನಾನು ತಿರುಗಿ ನೋಡಲಿಲ್ಲ, ಮುಂದಿನ ಸೀಟಿನವರು ಹಿಂದೆ ತಿರುಗಿ ನೋಡುವ ಪದ್ಧತಿಯಿಲ್ಲ. ಹಲಗೂರು ಇನ್ನು ಸ್ವಲ್ಪ ದೂರ ಎನ್ನುವಾಗ, ಹಿಂದೆ ಜಯಮ್ಮ ಗಂಟು ಹೊತ್ತು ನಡೆದಿದ್ದ ಆ ಏರು ಬಂತು. ಬಸ್ಸು ಕೆಮ್ಮಿತು, ನಡುಗಿತು, ನಿಂತಿತು. ಸಿದ್ದ "ಇಳೀರಿ ಇಳೀರಿ" ಎಂದ. ಎಲ್ಲರೂ ಇಳಿದರು. ನಾನು ಪೇಟವನ್ನು ತೆಗೆದು ಮೆತ್ತೆಯ ಮೇಲಿಟ್ಟು ಬೆವರು ಒರೆಸಿಕೊಂಡೆ.

ಆಗ ಹಿಂದಿನಿಂದ ಒಂದು ದನಿ ಕೇಳಿತು. "ಯಾವನ್ಲಾ ಅವ್ನು, ಮುಂದ್ಗಡೆ ಕುಂತಿರೋ ಧಣಿ? ಅವನ್ನೂ ಇಳಿಸ್ರಲಾ. ಅವ್ನೇ ಒಂದ್ ಪಲ್ಲ ರಾಗಿ ತೂಕ ಅವ್ನೆ."

ಆ ದನಿಯನ್ನು ನಾನು ನಮ್ಮ ಮದುವೆಯ ಚಪ್ಪರದಲ್ಲಿ ಕೇಳಿದ್ದೆ, ಅಡಿಗೆಯವರನ್ನು ಬೈಯುವಾಗ. ಬಾಗಿಲ ಪಕ್ಕದ ಕನ್ನಡಿಯಲ್ಲಿ ಮೆಲ್ಲಗೆ ನೋಡಿದೆ. ಹೆಗಲ ಮೇಲಿನ ಟವಲನ್ನು ತಲೆಗೆ ಸುತ್ತಿಕೊಂಡು, ಡ್ರಮ್ಮಿನ ಮಗ್ಗುಲಲ್ಲಿ ಭುಜ ಕೊಟ್ಟು, ನನ್ನ ಮಾವ ಬೋರೇಗೌಡರು ಬಸ್ಸನ್ನು ತಳ್ಳುತ್ತಿದ್ದರು. ಬಸ್ಸಿನಲ್ಲಿ ಅಳಿಯ ಕೂತಿದ್ದ. ಮಾವ ತಳ್ಳುತ್ತಿದ್ದಾರೆ, ಅಳಿಯ ಕೂತಿದ್ದಾನೆ. ಇದು ಹಲಗೂರಿಗೆ ತಿಳಿದರೆ ಹೆಂಡತಿ ಬರುವುದು ಹಾಗಿರಲಿ, ಆ ಊರಿನ ಹೆಣ್ಣು ಇನ್ನು ಯಾವ ಗುಮಾಸ್ತನಿಗೂ ಸಿಗುವುದಿಲ್ಲ.

ನಾನು ಹೇಗೆ ಇಳಿದೆನೋ ನನಗೇ ಗೊತ್ತಿಲ್ಲ. ಬಾಗಿಲು ತೆಗೆದು, ಬಗ್ಗಿಕೊಂಡು, ರಸ್ತೆಯ ಬದಿಯ ಲಂಟಾನ ಪೊದೆಗೆ ಪಂಚೆ ಸಿಕ್ಕಿಸಿಕೊಂಡು ಬಿಡಿಸಿಕೊಂಡು, ಬಸ್ಸಿನ ಹಿಂದಕ್ಕೆ ಹೋಗಿ ಮಾವನ ಆಚೆ ಮಗ್ಗುಲಲ್ಲಿ ಭುಜ ಕೊಟ್ಟೆ. ನನ್ನ ಜನ್ಮದಲ್ಲಿ ಅಷ್ಟು ಬಲವಾಗಿ ಯಾವುದನ್ನೂ ತಳ್ಳಿದವನಲ್ಲ. ಡ್ರಮ್ಮು ಒಮ್ಮೆ ಭುಸ್ ಎಂದು ನನ್ನ ಮುಖಕ್ಕೆ ಬೂದಿ ಮಸಿ ಎಲ್ಲ ಉಗಿಯಿತು. ಇಂಜಿನ್ನು ಹಿಡಿದುಕೊಂಡು ಬಸ್ಸು ಹೊರಟಿತು. ಹಿಡಿದುಕೊಂಡರೆ ಅದು ದಿಣ್ಣೆಯ ತಲೆ ಮುಟ್ಟುವ ತನಕ ನಿಲ್ಲುವುದಿಲ್ಲ, ನಾವೆಲ್ಲ ಹಿಂದೆ ನಡೆದು ಹತ್ತಬೇಕು.

"ಅಯ್ಯೋ, ಅಳೀಮಯ್ಯ ಅಲ್ವಾ?" ಎಂದರು ಮಾವ. "ನೀವು ಇದ್ರಾ ಇದ್ರಲ್ಲಿ? ಇಂದ್ಗಡೆ ಕುಂತಿದ್ರಾ? ಕಾಣ್ನೇ ಇಲ್ವಲ್ಲ."

"ಹೂಂ ಮಾವ, ಮೂಲೇಲಿ ಇದ್ದೆ" ಎಂದೆ. ಮಸಿಯಿದ್ದದ್ದರಿಂದ ಮುಖದ ಬಣ್ಣ ಕಾಣುತ್ತಿರಲಿಲ್ಲ.

"ನೋಡಿ ಮತ್ತೆ. ಮಗ್ಳು ಅಂತಿದ್ಲು, 'ಅವ್ರು ಏನೇ ಆದ್ರೂ ಇಳಿಯೋರಲ್ಲ ಕಣಪ್ಪ' ಅಂತ. ನಾನು ಅಂದೆ, ಬುಡವ್ವ, ಓದ್ದೋರು, ಇವತ್ತಲ್ಲ ನಾಳೆ ತಿಳ್ಕತಾರೆ ಅಂತ." ಹೀಗೆ ಹೇಳುತ್ತ ಅವರು ನನ್ನ ಹೆಗಲ ಮೇಲೆ ಕೈ ಹಾಕಿದರು. ದಿಣ್ಣೆ ಹತ್ತುವ ತನಕ ಮಳೆ, ಬೆಳೆ, ಎಮ್ಮೆ ಕರು ಹಾಕಿದ್ದು, ಎಲ್ಲ ಹೇಳಿದರು. ನನ್ನ ಎದೆ ಹಗುರವಾಯಿತು.

ದಿಣ್ಣೆಯ ತಲೆಯಲ್ಲಿ ಬಸ್ಸು ಕಾಯುತ್ತಿತ್ತು. ಖಾದರ್ ಸಾಹೇಬರು ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಇಡೀ ಬಯಲಿಗೆ ಕೇಳುವಂತೆ ಕೂಗಿದರು: "ಗುಮಾಸ್ತರೇ, ಎಲ್ಲಿ ಹೋದಿರಿ? ಬನ್ನಿ, ನಿಮ್ಮ ಪೇಟ ಒಂದೇ ಮುಂದೆ ಕೂತಿದೆ."

ಎಲ್ಲರೂ ನನ್ನ ಬರಿದಲೆಯನ್ನು ನೋಡಿದರು. ಮಾವ ಹೆಗಲ ಮೇಲಿನ ಕೈ ತೆಗೆದರು. "ಮಾವ, ಅದು... ಆ ಸೀಟು ನಿಮಗೇ ಅಂತ..." ಎಂದೆ. ನನ್ನ ಮಾತು ನನಗೇ ನಂಬಿಕೆ ಬರುವಂತಿರಲಿಲ್ಲ. ಅವರು ಹೋಗಿ ಮುಂದೆ ಹತ್ತಿದರು, ಪೇಟವನ್ನು ಎತ್ತಿ ಹಿಂದೆ ಮುಂದೆ ನೋಡಿ ತಮ್ಮ ತಲೆಗೇ ಇಟ್ಟುಕೊಂಡರು. ನಾನು ಹಿಂದೆ ಹೋಗಿ ಡ್ರಮ್ಮಿಗೆ ಒತ್ತಿಕೊಂಡು ಕೂತೆ. ಹಲಗೂರು ಬರುವ ತನಕ ಅವರು ಮಗಳಿಗೆ ಏನು ಹೇಳುತ್ತಾರೋ ಎಂದು ದೇವರನ್ನೆಲ್ಲ ನೆನೆಸಿಕೊಂಡೆ.

ಜಯಮ್ಮ ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಮೊದಲು ಪೇಟ ಇಟ್ಟ ಅಪ್ಪನನ್ನು ನೋಡಿದಳು, ಆಮೇಲೆ ಹಿಂದೆ ಬರುತ್ತಿದ್ದ ನನ್ನನ್ನು. ಹಲ್ಲು, ಕಣ್ಣು ಬಿಟ್ಟರೆ ನನ್ನಲ್ಲಿ ಬೆಳ್ಳಗೆ ಏನೂ ಉಳಿದಿರಲಿಲ್ಲ. "ನಿನ್ ಗಂಡ ನಂಗೆ ಮುಂದಿನ್ ಸೀಟ್ ಬುಟ್ಕೊಟ್ಟು ತಾನು ಇಂದ್ಗಡೆ ಕುಂತ್ಕಂಡು ಬಂದ್ರು ಕಣವ್ವ. ದಿಣ್ಣೇಲಿ ತಳ್ಳಿದ್ರೂವೆ" ಎಂದರು ಮಾವ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಆಮೇಲೆ ಎದ್ದು, "ನೀರು ಕಾದದೆ, ಮೊದ್ಲು ಸ್ನಾನ ಮಾಡಿ" ಎಂದಳು. ಅಷ್ಟು ದಿನಗಳ ಮೇಲೆ ಅವಳ ಬಾಯಿಂದ ಒಂದು ಅಪ್ಪಣೆ ಕೇಳಿ ನನಗೆ ಅಳು ಬರುವಂತಾಯಿತು.

ಮಾರನೆಯ ದಿನ ಅವಳಿಗೆಂದು ಮುಂದಿನ ಸೀಟು ಹಿಡಿದೆ. "ಡ್ರೈವರ್ ಪಕ್ಕ ಕುಂತು ನಾನೇನು ಬಸ್ ಓಡಿಸ್ಬೇಕಾ?" ಎಂದು ಅವಳು ನನ್ನ ಜೊತೆ ಹಿಂದೆ ಬಂದಳು. ಕೊಟ್ಟ ದುಡ್ಡು ದಂಡವಾಗಬಾರದೆಂದು ಅತ್ತೆ ಕಳಿಸಿದ ಸಿಹಿಗುಂಬಳಕಾಯಿಯನ್ನು ಆ ಮೆತ್ತೆಯ ಮೇಲೆ ಇಟ್ಟೆವು. ದೊಡ್ಡಿಯ ಹತ್ತಿರ ಬಸ್ಸು ನಿಂತಾಗ ನಾನು ಇಳಿದು ತಳ್ಳಿದೆ, ಕುಂಬಳಕಾಯಿ ಇಳಿಯಲಿಲ್ಲ.

ಬಸ್ಸು ಹತ್ತುವ ಮುಂಚೆ ಮಾವ ನನ್ನನ್ನು ಪಕ್ಕಕ್ಕೆ ಕರೆದು, ಪೇಟ ಕೈಗೆ ಕೊಟ್ಟು, ಮೆಲ್ಲಗೆ ಹೇಳಿದ ಮಾತು ಒಂದಿದೆ. "ಅಳೀಮಯ್ಯ, ನೀವು ಮುಂದೆ ಕುಂತಿದ್ದನ್ನ ನಾನು ಮಳವಳ್ಳೀಲಿ ಅತ್ತುವಾಗ್ಲೇ ನೋಡ್ದೆ. ಇಳೀತೀರೇನೋ ಅಂತ್ಲೇ ಅಂಗೆ ಕೂಗಿದ್ದು. ಆಗ್ಲೂ ಇಳೀದೆ ಓಗಿದ್ರೆ ಮಗಳಿಗೆ 'ಇಲ್ಲೇ ಇರು' ಅಂದ್ಬುಡ್ತಿದ್ದೆ." ಮದ್ದೂರು ಮುಟ್ಟುವ ತನಕ ನಾನು ಬೆವರು ಒರೆಸಿಕೊಳ್ಳುತ್ತಲೇ ಇದ್ದೆ. ಜಯಮ್ಮ, "ಯಾಕೆ, ಡ್ರಮ್ಮು ಅಷ್ಟು ಕಾಯ್ತದಾ?" ಎಂದು ಕೇಳಿದಳು. ಹೌದು ಎಂದೆ.

ಈಗ ಯುದ್ಧ ಮುಗಿದಿದೆ. ಡ್ರಮ್ಮು ಹೋಗಿದೆ, ಪೆಟ್ರೋಲು ಬಂದಿದೆ, ಬಸ್ಸು ಯಾವ ಏರಿನಲ್ಲೂ ನಿಲ್ಲುವುದಿಲ್ಲ. ಖಾದರ್ ಸಾಹೇಬರು ಈಗಲೂ ಮೆತ್ತೆ ಕೊಡವಿ ಕರೆಯುತ್ತಾರೆ. ಜಯಮ್ಮ ಜೊತೆಯಲ್ಲಿದ್ದರೆ ನಾನು ಅವಳ ಮುಖ ನೋಡುತ್ತೇನೆ, ಅವಳು ಕಿಟಕಿಯ ಹೊರಗೆ ನೋಡುತ್ತಾಳೆ, ನಾನು "ಇರಲಿ ಬಿಡಿ ಸಾಹೇಬರೇ, ಹಿಂದೆಯೇ ಚೆನ್ನಾಗಿದೆ" ಎಂದು ಹಿಂದಕ್ಕೆ ಹೋಗುತ್ತೇನೆ. ಮೊನ್ನೆ ಒಬ್ಬನೇ ಹಲಗೂರಿಗೆ ಹೊರಟಿದ್ದೆ. ನೋಡುವವರು ಯಾರೂ ಇರಲಿಲ್ಲ, ಮುಂದಿನ ಸೀಟು ಖಾಲಿಯಿತ್ತು, ಹೋಗಿ ಕೂತೆ. ಆ ಏರು ಬಂತು. ಬಸ್ಸು ಸಲೀಸಾಗಿ ಹತ್ತುತ್ತಿತ್ತು. ಖಾದರ್ ಸಾಹೇಬರು ನನ್ನ ಕಡೆ ತಿರುಗಿ, "ಯಾಕೆ ಗುಮಾಸ್ತರೇ, ಬಾಗಿಲು ಯಾಕೆ ತೆಗೀತಿದ್ದೀರಿ?" ಎಂದರು.