ರೇಖಾಳ ಸಂಬಂಧಕ್ಕೆ ನಾನು ಆಡಿದ ಇಂಗ್ಲಿಷು

ಭಾಲ್ಕಿಯಲ್ಲಿ ನನ್ನದೊಂದು ಬೀಜ, ಗೊಬ್ಬರದ ಅಂಗಡಿ. ಪೊಟ್ಟಣಗಳ ಮೇಲಿನ ಇಂಗ್ಲಿಷನ್ನು ರೈತರಿಗೆ ಓದಿ ಹೇಳುವವನು ನಾನೇ. ನಾನು ಹೇಗೆ ಓದಿದರೂ ಬೆಳೆ ಬರುತ್ತಿತ್ತು. ಹೀಗಾಗಿ ನನ್ನ ಇಂಗ್ಲಿಷ್ ಬಗ್ಗೆ ನನಗೆ ಅಪಾರ ಗೌರವ!

ನನ್ನ ತಂಗಿ ಕಮಲಾ ಮೆಹಕರದಲ್ಲಿದ್ದಾಳೆ. ಅವಳ ಮಗಳು ರೇಖಾ ಬೀದರಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಅವಳಿಗೆ ಕಮಲನಗರದ ದನದ ಡಾಕ್ಟರು ವಿನೋದನ ಸಂಬಂಧ ಬಂತು. ಹುಡುಗ ಹುಡುಗಿ ಒಪ್ಪಿಕೊಂಡಾಗಿತ್ತು. ಹಿರಿಯರ ಮಾತುಕತೆಯೊಂದು ನಮ್ಮ ಮನೆಯಲ್ಲಿ ಆಗಬೇಕಿತ್ತು. ತಂದೆಯಿಲ್ಲದ ವಿನೋದನನ್ನು ಸಾಕಿದವರು ಔರಾದಿನಲ್ಲಿರುವ ಅವನ ಕಾಕಾ. ಅವರು ಹ್ಞೂಂ ಎಂದರೆ ಮದುವೆ, ಇಲ್ಲವೆಂದರೆ ಇಲ್ಲ.

ಕಮಲಾ ಫೋನ್ ಮಾಡಿದಳು. "ಅಣ್ಣಾ, ಅವರ ಕಾಕಾ ಕಾಲೇಜನ್ಯಾಗ ಇಂಗ್ಲಿಷ್ ಕಲಿಸಿ ರಿಟೈರ್ ಆದವರಂತ. ನಮ್ಮನಿಯವರಿಗೆ ಮಂದ್ಯಾಗ ಮಾತೇ ಬರಂಗಿಲ್ಲ. ನೀನೇ ಮಾತಾಡು."

ಕನ್ನಡದಲ್ಲಿ ಮಾತಾಡು ಎಂಬುದೇ ಅವಳ ಅರ್ಥ. ನನಗೆ ಹಾಗೆ ಕೇಳಿಸಲಿಲ್ಲ.

ರೇಖಾಗೇ ಫೋನ್ ಹಚ್ಚಿ ಕೇಳಿದೆ. "ಅವ್ವಾ, ಖರೇ ಅಂದ್ರ ಖರೇ, ಯಾರೂ ಅಲ್ಲ ಅನ್ನಬಾರದು, ಅಂಥಾದಕ್ಕ ಇಂಗ್ಲಿಷ್‌ನ್ಯಾಗ ಏನಂತಾರ?"

"ಭಾಳ ಅವ ಮಾಮಾ. ಅನ್‌ಕ್ವೆಶ್ಚನೆಬಲ್, ಅನ್‌ಡಿಸ್ಪ್ಯೂಟೆಡ್, ಡೌಟ್‌ಲೆಸ್... ಯಾಕ್ರಿ?"

"ಸುಮ್ನ," ಎಂದೆ.

ಆಮೇಲೆ ಅಂಗಡಿಯಲ್ಲಿ ಕುಳಿತು ಆ ಶಬ್ದಗಳನ್ನು ತಿರುವಿ ಹಾಕಿ ನೋಡಿದೆ. ಏನು ವಿಚಿತ್ರ! ಅನುಮಾನವೇ ಇಲ್ಲದ್ದನ್ನು ಹೇಳಲು ಮೊದಲು ಅನುಮಾನವನ್ನು ಕರೆದು ಕೂರಿಸಿ, ಆಮೇಲೆ ಕುತ್ತಿಗೆ ಹಿಡಿದು ಹೊರಗೆ ದಬ್ಬುವುದೇಕೆ? ನೇರವಾಗಿ ಖರೇ ಎನ್ನಲು ಆ ಜನಕ್ಕೆ ಏನು ಧಾಡಿ? ಅದೂ ಹೋಗಲಿ. 'ಅನ್' ಎಂದರೆ 'ಇಲ್ಲ'. ಶುಭಕಾರ್ಯದಲ್ಲಿ ಬಾಯಿ ತೆರೆದ ಕೂಡಲೇ 'ಇಲ್ಲ, ಇಲ್ಲ' ಎನ್ನುವುದು ಅಪಶಕುನವಲ್ಲವೇ? ಎಲ್ಲ 'ಅನ್'ಗಳನ್ನೂ ತೆಗೆದುಹಾಕಿದೆ. 'ಲೆಸ್' ಎಂದರೆ ಕಡಿಮೆ. ಹೆಣ್ಣು ಕೊಡುವವರು ಕಡಿಮೆ ಎನ್ನಬಹುದೇ? ಅದನ್ನು 'ಫುಲ್' ಮಾಡಿದೆ!

ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದಾಗ ಹೆಂಡತಿ ಮಹಾನಂದಾ ಬಾಗಿಲಲ್ಲಿ ನಿಂತು ನೋಡಿದಳು.

"ಕನ್ನಡದಾಗ ಮಾತಾಡಿದ್ರ ಅವರೇನ್ ಹೆಣ್ಣ ಬ್ಯಾಡ ಅಂತಾರೇನ್ರಿ?"

"ನಿನಗ ತಿಳಿಯಂಗಿಲ್ಲ, ಸುಮ್ಕಿರು!"

ಭಾನುವಾರ ಕಮಲಾ ಗಂಡ, ಮಗಳೊಡನೆ ಬೆಳಿಗ್ಗೆಯೇ ನಮ್ಮ ಮನೆಗೆ ಬಂದಿದ್ದಳು. ಆಮೇಲೆ ಕಾಕಾ ಮತ್ತು ವಿನೋದ ಬಂದರು. ಭಜಿ ತಿಂದರು. ಮಳೆ, ತೊಗರಿ, ಬೀದರಿನ ರಸ್ತೆ, ಎಲ್ಲ ಮಾತೂ ಕನ್ನಡದಲ್ಲೇ ಸುಖವಾಗಿ ನಡೆದಿತ್ತು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

"ಸರ್, ಅವರ್ ಗರ್ಲ್! ಕ್ಯಾರೆಕ್ಟರ್, ಕ್ವೆಶ್ಚನೆಬಲ್!"

ಕಾಕಾ ಅವರ ಕೈಯಲ್ಲಿದ್ದ ಭಜಿ ಕೈಯಲ್ಲೇ ಉಳಿಯಿತು.

"ಫಾದರ್ಸ್ ಲ್ಯಾಂಡ್, ಡಿಸ್ಪ್ಯೂಟೆಡ್! ಡಿಗ್ರಿ, ಡೌಟ್‌ಫುಲ್!"

ಒಂದಕ್ಷರವೂ ಅರ್ಥವಾಗದ ಕಮಲಾ ಹೆಮ್ಮೆಯಿಂದ ಗಂಡನ ಕಡೆ ನೋಡಿದಳು. ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು.

"ಯಾರ್ ಅಂತಾರ್ರಿ ಇದು?"

"ಎಲ್ಲಾರೂ ಅಂತಾರ್ರಿ ಸರ್! ಮೆಹಕರದಾಗ ಯಾರಿಗೆ ಬೇಕಾದ್ರೂ ಕೇಳ್ರಿ."

"ಹುಡುಗಿಗೆ ಗೊತ್ತದೇನು?"

"ಅಕಿಗೇ ಮೊದಲ ಗೊತ್ತರಿ!"

"ಇಷ್ಟೆಲ್ಲಾ ಗೊತ್ತಿದ್ದೂ ನಮಗ ಕರ್ಸೀರಿ?"

"ಗೊತ್ತದ ಅಂತೇ ಕರ್ಸೀವ್ರಿ!"

ಕಾಕಾ ಎದ್ದರು. "ಏಳು ವಿನೋದ, ಹೋಗಣ."

ವಿನೋದ ಏಳಲಿಲ್ಲ. ರೇಖಾ ಇದ್ದ ಅಡುಗೆಮನೆಯ ಕಡೆ ನೋಡಿದ. ಕಮಲಾಳ ಮುಖದ ನಗು ಇನ್ನೂ ಹಾಗೇ ಇತ್ತು, ಅದನ್ನು ಇಳಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಏನೋ ಕೆಟ್ಟಿದೆ ಎಂದು ನನಗೂ ಆಗ ಹೊಳೆಯಿತು. ನಾನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿಸಿದ ಹುಡುಗಿ ರೇಖಾ. ಅವಳ ಸಂಬಂಧವನ್ನು ನನ್ನ ಬಾಯಾರೆ ಮುರಿದೆನೇ?

ರೇಖಾ ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು.

"ಕಾಕಾ, ಜರಾ ಕೂಡ್ರಿ. ಮಾಮಾ, ನಾ ಹೇಳಿದ 'ಅನ್' ಎಲ್ಲಿ ಹೋತ್ರಿ?"

"ಅಪಶಕುನ ಅಂತ ತೆಗದೀನಿ ಅವ್ವ."

"'ಲೆಸ್'?"

"ಕಡಿಮಿ ಯಾಕಂತ ಫುಲ್ ಮಾಡೀನಿ."

ಕಾಕಾ ಮೆಲ್ಲಗೆ ಕುಳಿತರು. ಮೊದಲು ಅವರ ಹೊಟ್ಟೆ ಅಲುಗಿತು, ಆಮೇಲೆ ಹೆಗಲು, ಕೊನೆಗೆ ನಮ್ಮ ಹಳೆಯ ಸೋಫಾ. ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಇಷ್ಟ ವರ್ಷ ಕಲಿಸೀನ್ರೀ, ತಪ್ಪಿಗೆ ಇಂಥಾ ಕಾರಣ ಯಾರೂ ಕೊಟ್ಟಿಲ್ಲ!"

"ಆದ್ರ ಸರ್, ಖರೇ ಅನ್ನಲಿಕ್ಕೆ ಅಷ್ಟ ಸುತ್ತ ಯಾಕ ಹಾಕ್ತಾರ?" ಎಂದು ಕೇಳಿದೆ. ಮಾನ ಹೋದರೂ ಕುತೂಹಲ ಹೋಗಿರಲಿಲ್ಲ.

ಉತ್ತರ ಕೊಟ್ಟವಳು ರೇಖಾ. "ನಾವೂ ನಿಸ್ಸಂದೇಹ, ನಿರ್ವಿವಾದ ಅಂತೀವಲ್ಲ ಮಾಮಾ? ಆ 'ನಿಸ್', 'ನಿರ್' ತೆಗೀರಿ ನೋಡೋಣ."

ಮನಸ್ಸಿನಲ್ಲೇ ತೆಗೆದು ನೋಡಿದೆ. ಸಂದೇಹ, ವಿವಾದ! ಗಾಬರಿಯಾಗಿ ಮತ್ತೆ ಹಚ್ಚಿದೆ.

ಕಾಕಾ ಚಹಾ ಕುಡಿದು ರೇಖಾಳನ್ನು ನೋಡಿದರು. "ವಿನೋದ, ಇಂಥಾ ಹೊತ್ತಿನ್ಯಾಗ ತಲಿ ತಣ್ಣಗ ಇಟ್ಟಾಳ. ನಿನಗ ಇಕಿನೇ ಸರಿ." ಸಂಬಂಧ ಗಟ್ಟಿಯಾಯಿತು.

ಮದುವೆ ಬೀದರಿನಲ್ಲಿ ನಡೆಯಿತು. ಊಟಕ್ಕೆ ಮೊದಲು ಮೈಕಿನವನು ನನ್ನ ಬಳಿ ಬಂದು, "ಹುಡುಗಿ ಸೋದರಮಾವ ಎರಡ ಮಾತ ಆಡಬೇಕ್ರಿ," ಎಂದ. ನಾನು ಉತ್ಸಾಹದಿಂದ ಏಳುವಷ್ಟರಲ್ಲಿ ಮಹಾನಂದಾ ಅಡ್ಡ ಬಂದಳು.

"ಅವರ ಗಂಟಲ ಬಿದ್ದದರಿ, ಮಾತೇ ಹೊರಡಲ್ಲ!"

ಸುದ್ದಿ ಮಂಟಪದ ತುಂಬ ಹಬ್ಬಿತು. ಒಬ್ಬರು ಉಪ್ಪುನೀರು ತಂದರು, ಇನ್ನೊಬ್ಬರು ಶುಂಠಿ ಕಷಾಯ. ಎಕಂಬಾದ ಅಜ್ಜಿಯೊಬ್ಬಳು ನನ್ನ ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿ ಬಿಗಿದಳು. ಹೊರಗೆ ಉರಿಬಿಸಿಲು! ನನ್ನ ಗಂಟಲಿಗೆ ಏನೂ ಆಗಿರಲಿಲ್ಲ, ಕಬ್ಬಿಣದಂತಿತ್ತು. ಆದರೆ ಅದನ್ನು ಹೇಳಬೇಕಾದರೆ ಬಾಯಿ ತೆರೆಯಬೇಕು, ಮಹಾನಂದಾ ಎದುರಿಗೇ ಕುಳಿತಿದ್ದಳು.

ಬೆವರು ಸುರಿಸುತ್ತ ಕಷಾಯ ಕುಡಿದೆ. ಬಂದವರೆಲ್ಲ, "ಎಷ್ಟ ಗಂಭೀರ ಮನಷಾರಪಾ!" ಎಂದು ನನ್ನನ್ನು ಹೊಗಳಿ ಹೋದರು.