ತಕ್ಕಡಿ ಮುಟ್ಟಿದ ಆಣೆ

ಕಿಟಕಿಯಾಚೆ ಉಗುಳಿದೆನೆಂದೇ ದುರ್ಗಪ್ಪ ತಿಳಿದಿದ್ದ. ಕಿಟಕಿ ಮುಚ್ಚಿತ್ತು. ಅದರ ಮುಂದೆ ಒಣಗಲು ಹಾಕಿದ್ದ ಯಲ್ಲವ್ವನ ತವರುಮನೆ ಸೀರೆಯ ಮೇಲೆ ಕಾರವಾರ ಜಿಲ್ಲೆಯ ನಕಾಶೆಯಂಥ ಕೆಂಪು ಕಲೆ ಮೂಡಿತು.

“ಈ ಮನ್ಯಾಗ ನಾ ಇರಬೇಕು, ಇಲ್ಲಾ ನಿಮ್ಮ ತಂಬಾಕ ಇರಬೇಕು,” ಎಂದವಳೇ ಯಲ್ಲವ್ವ ಗಂಟು ಕಟ್ಟಿ ಹಳಿಯಾಳದ ಕಡೆಯ ಸಾಂಬ್ರಾಣಿ ಊರಿನ ತವರಿಗೆ ಹೊರಟುಹೋದಳು.

ಆಮೇಲೆ ದುರ್ಗಪ್ಪ ತಾನೇ ರೊಟ್ಟಿ ಬಡಿದುಕೊಂಡ. ಓಣಿಯ ನಾಯಿಗೆ ಒಂದು ತುಂಡು ಹಾಕಿದರೆ ಅದು ಮೂಸಿ, ಅವನ ಮುಖವನ್ನೊಮ್ಮೆ ಕನಿಕರದಿಂದ ನೋಡಿ, ಬಾಲ ತಗ್ಗಿಸಿ ಹೋಯಿತು. ಅಂದೇ ಅವನು ತಂಬಾಕು ಬಿಡಲು ನಿಶ್ಚಯಿಸಿದ. ಬಿಡುವುದೇನೂ ಅವನಿಗೆ ಹೊಸದಲ್ಲ; ಅಮಾವಾಸ್ಯೆಗೊಮ್ಮೆ ಬಿಡುತ್ತಿದ್ದ, ಮರುದಿನ ಕಾರ್ಖಾನೆಯ ಭೋಂಗಾ ಕೂಗುವುದರೊಳಗೆ ಹಿಡಿಯುತ್ತಿದ್ದ.

ಕಾಗದದ ಕಾರ್ಖಾನೆಯ ಬಿದಿರು ಯಾರ್ಡಿನಲ್ಲಿ ಅವನ ಮೇಲಿನವ ಮುಕಾದಮ ಮಹಾಂತಪ್ಪ. ಅವನೇ ಉಪಾಯ ಹೇಳಿದ. “ಒಬ್ಬಾಂವನ ಬಿಡಾಕ ಹೋದ್ರ ಅದು ನಿನ್ನ ಬಿಡೂದಿಲ್ಲೋ ತಮ್ಮಾ. ಊರಿಗೆಲ್ಲಾ ಹೇಳಿಬಿಡು. ಮಂದಿ ಕಣ್ಣ ನಿನಗ ಮೂಗುದಾಣ.”

ದುರ್ಗಪ್ಪ ಹೇಳಿದ. ನಳದ ಕಟ್ಟೆಯಲ್ಲಿ ಹೇಳಿದ, ಕ್ಷೌರದ ಅಂಗಡಿಯಲ್ಲಿ ಹೇಳಿದ. ತನ್ನ ಸಂಚಿಯನ್ನು ಬಗಲಮನೆಯ ಗೋದುಬಾಯಿಯ ಕೈಗೆ ಕೊಟ್ಟ. ಕಡೆಗೆ ಬಸ್ ಸ್ಟ್ಯಾಂಡಿನ ಎದುರಿನ ಬಸಲಿಂಗಯ್ಯನ ಅಂಗಡಿಗೆ ಹೋಗಿ ಕೈಮುಗಿದ.

“ನಾ ಕಾಲಿಗೆ ಬಿದ್ರೂ ನನಗ ತಂಬಾಕ ಕೊಡಬ್ಯಾಡ್ರಿ ಅಯ್ಯನವರ. ಯಾರ ಹೆಸರ ಹೇಳಿ ಕೇಳಿದ್ರೂ ಕೊಡಬ್ಯಾಡ್ರಿ.”

ಬಸಲಿಂಗಯ್ಯ ತಕ್ಕಡಿ ಮುಟ್ಟಿದ. “ಇದರ ಆಣಿ. ನಿನಗೂ ಕೊಡೂದಿಲ್ಲ, ಪ್ಯಾಟ್ಯಾಗ ಯಾರೂ ಕೊಡದಂಗ ನೋಡ್ಕೊಳ್ತೇನಿ.” ಅಂಗಡಿಕಾರ ತಕ್ಕಡಿ ಮುಟ್ಟಿದನೆಂದರೆ ಮುಗಿಯಿತು, ಹೆತ್ತ ತಾಯಿ ಬಂದರೂ ಆ ಮಾತು ತಿರುಗುವುದಿಲ್ಲ.

ಹಾಗೂ ಹೀಗೂ ದಿನ ಉರುಳಿದವು. ಸುದ್ದಿ ಸಾಂಬ್ರಾಣಿಗೂ ಮುಟ್ಟಿ, ಯಲ್ಲವ್ವನಿಂದ ಮಾತು ಬಂತು: “ಶನಿವಾರ ಸಂಜೀ ಬಸ್ಸಿಗೆ ಬರ್ತೇನಿ. ಓಣಿ ಮಂದಿ ಸಾಕ್ಷಿ ಹೇಳಿದ್ರ ಇರ್ತೇನಿ. ಇಲ್ಲಾಂದ್ರ ಅದ ಬಸ್ಸಿಗೆ ಹೊಳ್ಳಿ ಹೋಗ್ತೇನಿ.”

ಶನಿವಾರ ಬೆಳಗಾದಾಗ ದುರ್ಗಪ್ಪನ ನಾಲಿಗೆ, ಮೇವಿಗೆ ಹಗ್ಗ ಜಗ್ಗುವ ಎಮ್ಮೆಯಂತೆ ಬಾಯೊಳಗೆ ಅತ್ತಿತ್ತ ಎಳೆದಾಡುತ್ತಿತ್ತು. ಇವತ್ತೊಂದು ದಿನ ಗೆದ್ದರೆ ಹೆಂಡತಿ, ಬಿಸಿ ರೊಟ್ಟಿ ಎರಡೂ ಮನೆಗೆ ಬಂದಂತೆ. ಅವನು ಒಂದು ಒಣ ನೆಲ್ಲಿಕಾಯಿಯನ್ನು ಗಲ್ಲದಲ್ಲಿ ಒತ್ತಿಕೊಂಡು ನೀರಿಗೆ ಹೋದ.

“ಅಗ ಬಾಯೀ! ಗಲ್ಲ ನೋಡ್ರಿ ಇವನ್ದು!” ಗೋದುಬಾಯಿಯ ಕೊಡ ತುಂಬಿ ಹರಿಯುತ್ತಿದ್ದರೂ ಅವಳಿಗೆ ಖಬರಿರಲಿಲ್ಲ.

“ನೆಲ್ಲಿಕಾಯಿ ಐತ್ರಿ ಬಾಯಿ,” ಎಂದ ದುರ್ಗಪ್ಪ, ಬಾಯಿ ಮೇಲೆತ್ತಿ.

ಎದುರು ಮನೆಯ ಶಂಕ್ರೆವ್ವ ಮೂಗು ಮುರಿದಳು. “ಬಾಯಿ ಮ್ಯಾಲೆತ್ತಿ ಮಾತಾಡೂದು ಯಾರಂತ ನನಗ ಗೊತ್ತಿಲ್ಲೇನು? ತಂಬಾಕ ಹಾಕ್ಕೊಂಡಾಗ ನನ್ನ ಗಂಡನೂ ಹಿಂಗ ಮಾತಾಡ್ತಾನ. ಉಗುಳು, ನೋಡೂಣು.”

ಉಗುಳಿದ. ಕರ್ರಗಿನದೊಂದು ಗಟಾರಕ್ಕೆ ಬಿದ್ದು ತೇಲಿಹೋಯಿತು.

“ಕರ್ರಗಿತ್ತು,” ಎಂದಳು ಶಂಕ್ರೆವ್ವ. “ಸಂಜೀಕ ನಾ ಕಂಡದ್ದು ಕಂಡಂಗ ಹೇಳಾಕಿ.”

ಇನ್ನೊಂದು ನೆಲ್ಲಿಕಾಯಿ ಒತ್ತಿಕೊಂಡು ಅವನು ಯಾರ್ಡಿಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಹಾಜರಿ ಹಾಕಿತ್ತು. ಅಲ್ಲಿ ಎಂಜಿನಿಯರ್ ಸಾಹೇಬರು ಚಹಾ ಕುಡಿಯುತ್ತ ಬಿದಿರಿನ ರಾಶಿ ನೋಡುತ್ತಿದ್ದರು. ದುರ್ಗಪ್ಪನ ಗಲ್ಲ ಮತ್ತೆ ಉಬ್ಬಿದ್ದನ್ನು ಕಂಡ ಮುಕಾದಮನಿಗೆ ತಡೆಯಲಾಗಲಿಲ್ಲ.

“ಮಗನ, ನನ್ನ ಮರ್ಯಾದಿ ತೆಗದ್ಯೋ!” ಎಂದು ಬೆನ್ನಿಗೆ ಗುದ್ದಿದ.

ನೆಲ್ಲಿಕಾಯಿ ಗುಂಡಿನಂತೆ ಹಾರಿ ಸಾಹೇಬರ ಕಪ್ಪಿನಲ್ಲಿ ‘ಬುಳಕ್’ ಎಂದಿತು. ಸಾಹೇಬರು ಬೆರಳು ಹಾಕಿ ತೆಗೆದು, ಬೆಳಕಿಗೆ ಹಿಡಿದು ನೋಡಿದರು.

“ಇದೇನ್ರಿ, ನೆಲ್ಲಿಕಾಯಿ!”

“ನೆಲ್ಲಿಕಾಯೇನ್ರಿ? ಖರೇನ?” ಮಹಾಂತಪ್ಪ ಹಿಗ್ಗಿ ದುರ್ಗಪ್ಪನನ್ನು ಅಪ್ಪಿಕೊಂಡ. ಸಾಹೇಬರು ಹಿಗ್ಗಲಿಲ್ಲ. ದಾಂಡೇಲಿಯ ಅಡವಿಯೇ ಮೇಲೇರಿ ಬಂದಂತಿದ್ದ ಒಂದು ಲಾರಿಯನ್ನು ತೋರಿಸಿ, “ಪೂರಾ ಇಳಿಸಿಯೇ ಮನೆಗೆ ಹೋಗಬೇಕು,” ಎಂದರು.

ಇಳಿಸಿದ. ಮನೆಗೆ ಓಡಿ, ಮದುವೆಯ ಬಿಳಿ ಅಂಗಿ ತೊಟ್ಟು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಹಳಿಯಾಳದ ಕಡೆಯ ಬಸ್ಸು ಧೂಳೆಬ್ಬಿಸಿ ನಿಂತಿತ್ತು. ಓಣಿಗೆ ಓಣಿಯೇ ಬೀಗರನ್ನು ಎದುರುಗೊಳ್ಳುವಂತೆ ನೆರೆದಿತ್ತು. ಮುಕಾದಮ ಆ ನೆಲ್ಲಿಕಾಯಿಯನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ.

ಯಲ್ಲವ್ವ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡು ಇಳಿದಳು.

“ಬಿಟ್ಟಾನವ್ವಾ, ಖರೇನ ಬಿಟ್ಟಾನ!” ಎಂದ ಮಹಾಂತಪ್ಪ. ಗೋದುಬಾಯಿ ದುರ್ಗಪ್ಪನ ಬಾಯಿ ಮೂಸಿ ತಲೆಯಾಡಿಸಿದಳು. “ಇವತ್ತಿನ ಮಟ್ಟಿಗೆ ಹೌದನ್ನೂಣು,” ಎಂದು ಶಂಕ್ರೆವ್ವನೂ ಒಪ್ಪಿದಳು.

ಯಲ್ಲವ್ವ ತುಟಿ ಎರಡು ಮಾಡಲಿಲ್ಲ. ಗಂಡನ ತೋಳು ಹಿಡಿದು ಬಸ್ಸಿನ ಮರೆಗೆ ಎಳೆದೊಯ್ದಳು. ನಾಚಿಕೆಯಿರಬೇಕೆಂದು ಹೆಂಗಸರು ನಕ್ಕರು. ಮರೆಯಲ್ಲಿ ಅವಳು ಸೆರಗು ಸರಿಸಿದಳು. ಬಲಗಲ್ಲ ಹೂರಣ ತುಂಬಿದ ಕಡುಬಿನಂತೆ ಉಬ್ಬಿತ್ತು. ಮಾತಾಡಲು ಅವಳು ಬಾಯಿ ಮೇಲೆತ್ತಿದಳು. ಆ ಮೇಲೆತ್ತುವಿಕೆಯ ಅರ್ಥ ದುರ್ಗಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು!

“ದವಡಿ ಹಲ್ಲ ಬ್ಯಾನಿ ಎದ್ದಿತ್ರಿ. ಅವ್ವ ಒಂದು ಚೂರು ತಂಬಾಕ ಒತ್ತಿದ್ಲು. ಬ್ಯಾನಿ ಹೋತು, ತಂಬಾಕ ಹೋಗಲಿಲ್ಲ. ಬಾಯಾಗಿರೂದು ಕಡೇದು. ನಿಮ್ಮ ಸಂಚಿ ಎಲ್ಲೈತಿ?”

“ಗೋದುಬಾಯಿ ಬಚ್ಚಲ ಒಲಿಗೆ ಹಾಕ್ಯಾಳ!”

“ಹಂಗಾರ ಅಂಗಡ್ಯಾಗಿಂದ ತರ್ರಿ. ತಂಬಾಕ ಇಲ್ಲದ ಮನ್ಯಾಗ ನಾ ಹೆಂಗ ಇರ್ಲಿ? ಬಸ್ಸ ಹೊಳ್ಳೂದ್ರಾಗ ಬರ್ರಿ. ಮಂದಿ ಮುಂದ ನನ್ನ ಹೆಸರ ತೆಗದ್ರ ನೋಡ್ರಿ ಮತ್ತ!”

ದುರ್ಗಪ್ಪ ಓಡಿದ. “ಅಯ್ಯನವರ, ಜಲ್ದಿ ಒಂದು ಚೂರು ತಂಬಾಕ!”

ಬಸಲಿಂಗಯ್ಯ ಸಾವಕಾಶವಾಗಿ ತಕ್ಕಡಿಯ ಮೇಲೆ ಕೈಯಿಟ್ಟ. “ಆಣಿ ಐತೋ.”

“ನನಗಲ್ರಿ!”

“ಮತ್ತ್ಯಾರಿಗೆ?”

ಬಸ್ಸು ಭೋಂಕ್ ಎಂದಿತು. ದುರ್ಗಪ್ಪ ಬಗ್ಗಿ, ಅಯ್ಯನ ಕಿವಿಯಲ್ಲಿ, “ನನ್ನ ಹೇಣ್ತಿಗ್ರಿ,” ಎಂದ.

“ಹೇಣ್ತಿಗಂತ!” ಬಸಲಿಂಗಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ ಸದ್ದು ಇಡೀ ಸ್ಟ್ಯಾಂಡಿಗೆ ಕೇಳಿತು. “ಎಲ್ಲಾರೂ ಕೇಳ್ರಿ! ತಂಬಾಕಿನ ಸಲುವಾಗಿ ತವರಿಗೆ ಹೋದಾಕಿಗೆ ತಂಬಾಕ ಬೇಕಂತ! ಸುಳ್ಳ ಹೇಳೂದಾದ್ರ ಚೊಲೋತ್ನಾಗ ಹೇಳೋ ಮಾರಾಯಾ!”

ಮಂದಿ ತಿರುಗಿ ನೋಡಿದರು. ಮಹಾಂತಪ್ಪನ ಕೈಯಿಂದ ಕರವಸ್ತ್ರ ಜಾರಿತು. ಯಲ್ಲವ್ವ ಸೆರಗು ಬಿಗಿಹಿಡಿದು ಬಸ್ಸಿನ ಮೆಟ್ಟಿಲೇರಿ, ಸೆರಗಿನೊಳಗೇ ಬಾಯಿ ಮೇಲೆತ್ತಿ ಅಳುದನಿ ತೆಗೆದಳು. “ನೋಡಿದ್ರಿಲ್ಲ? ಇಂಥಾವ್ರ ಕೂಡ ಹೆಂಗ ಬಾಳೇ ಮಾಡೂದ್ರೀ?”

“ಹೋಗಿ ಬಾರವ್ವಾ,” ಎಂದು ಗೋದುಬಾಯಿ ಕಣ್ಣೊರೆಸಿಕೊಂಡಳು. “ಪುಣ್ಯವಂತಿ, ಬಾಯಿ ಬಿಟ್ಟು ಒಂದು ಕೆಟ್ಟ ಮಾತ ಆಡಲಿಲ್ಲ.”

ಬಸ್ಸು ಹೊರಟಿತು. ದುರ್ಗಪ್ಪ ಜೊತೆಜೊತೆಗೇ ಓಡುತ್ತ, “ಏ, ಇಳೀ! ನಾಳೆ ಹಳಿಯಾಳಕ್ಕ ಹೋಗಿಯಾದ್ರೂ ತಂದು ಕೊಡ್ತೇನಿ!” ಎಂದು ಕೂಗಿದ. ಉತ್ತರ ಹೇಳಬೇಕಾದರೆ ಯಲ್ಲವ್ವ ಮೊದಲು ಬಾಯಿ ಬರಿದು ಮಾಡಿಕೊಳ್ಳಬೇಕಿತ್ತು. ಅವಳು ಕಿಟಕಿಯಾಚೆ ಉಗುಳಿದಳು.

ಈ ಸಲ ಕಿಟಕಿ ತೆರೆದಿತ್ತು.

ಧೂಳು ಇಳಿದಾಗ ದುರ್ಗಪ್ಪ ರಸ್ತೆಯ ನಡುವೆ ನಿಂತಿದ್ದ. ಶಂಕ್ರೆವ್ವ ಹತ್ತಿರ ಬಂದು, ಅವನ ಬಿಳಿ ಅಂಗಿಯ ಎದೆಯ ಮೇಲಿನ ಕಲೆಯನ್ನು ಬಗ್ಗಿ ಮೂಸಿ, ಓಣಿಯ ಕಡೆ ತಿರುಗಿದಳು.

“ಮತ್ತ ನೆಲ್ಲಿಕಾಯಿ ಅಂತಿದ್ರೆಲಾ, ಬರ್ರಿಲ್ಲೆ! ಮೈಮ್ಯಾಲ ಉಗುಳಿಕೊಳ್ಳೂವಷ್ಟು ತಿಂದಾನ!”