ಹೊಳೆ ನಡುವೆ ನನ್ನ ನಗುಮುಖ

"ಎಲ್ಲಿದ್ದೀರಿ?" ಎಂಬ ಪ್ರಶ್ನೆಯನ್ನು ನಮ್ಮ ಮನೆಯಿಂದಲೇ ಗಡೀಪಾರು ಮಾಡುತ್ತೇನೆ ಎಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಅವಲಕ್ಕಿ ತಿನ್ನುತ್ತಾ.

ನನ್ನ ಹೆಂಡತಿ ವಾಣಿಶ್ರೀ ದಿನಕ್ಕೆ ಹಲವು ಸಲ ಫೋನ್ ಮಾಡಿ ಈ ಪ್ರಶ್ನೆ ಕೇಳುತ್ತಿದ್ದಳು. ನನ್ನದು ದಾವಣಗೆರೆಯಲ್ಲಿ ಮೋಟಾರು ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆ ಹೊಸದಾಗಿ ತಂತಿ ಸುತ್ತಿ ಜೀವ ಬರಿಸುವ ಕೆಲಸ. ಸರಿಯಾಗಿ ಕೈತುಂಬ ಗ್ರೀಸ್ ಇರುವಾಗಲೇ ಅವಳ ಫೋನ್ ಬರುತ್ತಿತ್ತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು "ಇನ್ನೆಲ್ಲಿರ್ತೀನಿ, ಅಂಗಡ್ಯಾಗೆ" ಎನ್ನುವಷ್ಟರಲ್ಲಿ ಕೈಯಲ್ಲಿದ್ದ ಸ್ಕ್ರೂ ಉರುಳಿ ಎಲ್ಲೋ ಮಾಯವಾಗಿರುತ್ತಿತ್ತು.

ಹಾಗಾಗಿ ಅವತ್ತು ಅವಳ ಫೋನನ್ನೂ ನನ್ನ ಫೋನನ್ನೂ ಪಕ್ಕಪಕ್ಕ ಇಟ್ಟುಕೊಂಡು, ಅಂಗಡಿಗೆ ಬಂದ ಗಿರಾಕಿಯೊಬ್ಬ ಹೇಳಿಕೊಟ್ಟಂತೆ ಅಲ್ಲಿ ಇಲ್ಲಿ ಒತ್ತಿ, ಕೊನೆಗೆ ಅವಳ ಫೋನಿನ ಮ್ಯಾಪಿನ ಮೇಲೆ ನನ್ನ ಫೋಟೊ ಬರುವಂತೆ ಮಾಡಿದೆ. ಯಾರದೋ ಮದುವೆಯಲ್ಲಿ ತೆಗೆದದ್ದು. ಬಾಯಿತುಂಬ ಹಲ್ಲು ಬಿಟ್ಟು ನಗುತ್ತಿದ್ದೆ.

"ನೋಡು, ಇದು ನಾನು. ನಾನು ಹೋದಲ್ಲೆಲ್ಲ ಈ ಫೋಟೊ ಓಡಾಡ್ತದೆ. ಇನ್ನು ನೀನು ಕೇಳೋದೂ ಬ್ಯಾಡ, ನಾನು ಹೇಳೋದೂ ಬ್ಯಾಡ."

"ಎಲ್ಲಿ ಹೋದ್ರೂ ಗೊತ್ತಾಗ್ತದಾ?"

"ಭೂಮಿ ಮ್ಯಾಲೆ ಎಲ್ಲಿ ಹೋದ್ರೂ."

"ಹಂಗಾರೆ ಒಳ್ಳೇದಾತು ಬಿಡ್ರಿ," ಎಂದಳು. ಆ ಮಾತಿನ ಆಳ ಆಗ ನನಗೆ ತಿಳಿಯಲಿಲ್ಲ.

ಮೊದಮೊದಲು ನಿಜಕ್ಕೂ ಒಳ್ಳೆಯದೇ ಆಯಿತು. ನನ್ನ ಫೋಟೊ ಅಂಗಡಿ ಬಿಟ್ಟು ಹೊರಟಿತೆಂದರೆ ವಾಣಿ ಹಂಚು ಒಲೆಗಿಡುತ್ತಿದ್ದಳು. ನಾನು ಕೈಕಾಲು ತೊಳೆದು ಕೂರುವಷ್ಟರಲ್ಲಿ ಬಿಸಿ ರೊಟ್ಟಿ ತಟ್ಟೆಗೆ ಬೀಳುತ್ತಿತ್ತು. ವಿಜ್ಞಾನ ಎಂದರೆ ಇದೇ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಒಂದು ದಿನ ಬೆಳಿಗ್ಗೆ ವಾಣಿ ಬಹಳ ಮರ್ಯಾದೆಯಿಂದ ಕೇಳಿದಳು. "ನಿನ್ನೆ ಸಂಜಿ ಯಾಕ ತಡ ಆತು?"

"ಅಂಗಡ್ಯಾಗೆ ಭಾಳ ಕೆಲಸ ಇತ್ತು. ತಲೆ ಎತ್ತಾಕೂ ಆಗ್ಲಿಲ್ಲ."

ಅವಳು ಫೋನನ್ನು ನನ್ನ ಕಡೆ ತಿರುಗಿಸಿದಳು. ಮ್ಯಾಪಿನ ಚಿತ್ರ ತೆಗೆದಿಟ್ಟುಕೊಂಡಿದ್ದಳು. ಮಂಡಕ್ಕಿ ಮಿರ್ಚಿ ಅಂಗಡಿಯ ಬಾಗಿಲಲ್ಲೇ ನಿಂತು ನನ್ನ ಫೋಟೊ ಹಲ್ಲು ಬಿಟ್ಟು ನಗುತ್ತಿತ್ತು.

"ಡಾಕ್ಟ್ರು ಕರಿದಿದ್ದು ಮುಟ್ಟಬ್ಯಾಡ್ರಿ ಅಂದು ಇನ್ನೂ ತಿಂಗಳಾಗಿಲ್ಲ. ಮಿರ್ಚಿ ಬಾಣಲಿಗೇನು ಮೋಟ್ರು ಕೂರ್ಸಾಕೆ ಹೋಗಿದ್ರಾ?"

ಸಿಕ್ಕಿಬಿದ್ದವನಿಗೆ ಇರುವ ದಾರಿ ಎರಡೇ. ಒಂದು ನಗುವುದು, ಇನ್ನೊಂದು ಸಿಟ್ಟಾಗುವುದು. ನನ್ನ ಹೆಸರು ಪ್ರಶಾಂತ. ನಾನು ಸಿಟ್ಟಾದೆ.

"ಇದೇನು ಮನೆಯೋ ಪೊಲೀಸ್ ಠಾಣೆಯೋ? ಒಂದಿನ ಎತ್ತಲಾಗಾದ್ರೂ ಹೋಗಿಬಿಡ್ತೀನಿ. ಅವಾಗ ಕೂತು ನೋಡ್ಕೋ ನಿನ್ನ ಮ್ಯಾಪ್ನಾಗೆ."

ಇಷ್ಟು ಹೇಳಿ, ತಿಂಡಿಯನ್ನೂ ತಿನ್ನದೆ, ಬಾಗಿಲು ಧಡ್ಡೆಂದು ಎಳೆದುಕೊಂಡು ಹೊರಟೆ. ಸ್ಕೂಟರ್ ಗ್ಯಾರೇಜಿನಲ್ಲಿತ್ತಾದ್ದರಿಂದ ನಡೆದೇ ಹೋದೆ. ಸಿಟ್ಟು ಮಾಡಿಕೊಂಡವನು ನಡೆದು ಹೋಗಬಾರದು. ಓಣಿಯ ತಿರುವಿನಲ್ಲೇ ಸಿಟ್ಟು ಇಳಿದುಹೋಗುತ್ತದೆ, ವಾಪಸು ಬರುವುದಕ್ಕೆ ಮಾತ್ರ ನಾಚಿಕೆ.

ಅಂಗಡಿ ತೆಗೆಯುವ ಹೊತ್ತಿಗೇ ಪಾಲಯ್ಯ ಲಗೇಜ್ ಆಟೋ ತಂದು ನಿಲ್ಲಿಸಿಕೊಂಡಿದ್ದ. ಹರಿಹರ ದಾಟಿ, ಹೊಳೆಯಾಚೆಗೆ ಅವನ ಗದ್ದೆ. ರಿಪೇರಿಯಾದ ಮೋಟಾರನ್ನು ಇಬ್ಬರೂ ಸೇರಿ ಎತ್ತಬೇಕಿತ್ತು. ಜೇಬಿನಿಂದ ಜಾರೀತೆಂದು ಫೋನ್ ತೆಗೆದು ಆಟೋದಲ್ಲಿದ್ದ ಗೋಣಿಚೀಲದ ಮೇಲಿಟ್ಟೆ. ಮೋಟಾರು ಏರಿಸಿದೆವು, ಹಗ್ಗ ಬಿಗಿದೆವು, ಪಾಲಯ್ಯ ಹೊರಟ. ಫೋನೂ ಹೊರಟಿತು. ಅದರ ಜೊತೆಗೆ, ಲೋಕದ ಲೆಕ್ಕದಲ್ಲಿ, ನಾನೂ ಹೊರಟೆ.

ಮರುಗಳಿಗೆಯಲ್ಲೇ ಶಾಮನೂರಿನ ತಿಪ್ಪೇಶ್ ಬೈಕಿನಲ್ಲಿ ಬಂದ. ಅವನ ಬೋರ್‌ವೆಲ್ ಮೋಟಾರು ಕೆಟ್ಟಿತ್ತು. ಷಟರ್ ಎಳೆದು ಅವನ ಹಿಂದೆ ಕೂತೆ. ಶಾಮನೂರಿನಲ್ಲಿ ಜೇಬು ಮುಟ್ಟಿ ನೋಡಿಕೊಂಡಾಗ ಫೋನ್ ಇರಲಿಲ್ಲ. ಅಂಗಡಿಯಲ್ಲೇ ಬಿಟ್ಟಿರಬೇಕು, ಇರಲಿ ಬಿಡು ಎಂದುಕೊಂಡೆ.

ಅವತ್ತು ಮಧ್ಯಾಹ್ನದ ಸುಖವನ್ನು ಹೇಗೆ ಹೇಳಲಿ. ಯಾರೂ ಕರೆಯಲಿಲ್ಲ. ಏನೂ ಗುಂಯ್‌ಗುಟ್ಟಲಿಲ್ಲ. ಕೆಲಸ ಮುಗಿಸಿ ತಿಪ್ಪೇಶನ ಹೊಲದ ಬೇವಿನ ಮರದ ಕೆಳಗೆ ಊಟ ಮಾಡಿ ಹಾಗೇ ಒರಗಿದೆ. ಮೇಲೆ ಗಿಳಿಗಳು ಜಗಳವಾಡುತ್ತಿದ್ದವು. ಒಂದು ಫೋನಿಲ್ಲದಿದ್ದರೆ ಮನುಷ್ಯ ಎಷ್ಟು ಹಗುರವಾಗುತ್ತಾನೆ ಎಂದು ಯೋಚಿಸುತ್ತಾ ಕಣ್ಣು ಮುಚ್ಚಿದೆ.

ನಾನು ಕಣ್ಣು ಮುಚ್ಚಿದ ಹೊತ್ತಿನಲ್ಲಿ ಏನಾಯಿತೆಂಬುದನ್ನು ವಾಣಿ ನನಗೆ ಆಮೇಲೆ ಹೇಳಿದಳು.

ನಾನು ತಿಂಡಿ ಬಿಟ್ಟು ಹೋದದ್ದಕ್ಕೆ ಅವಳಿಗೆ ಬೇಜಾರಾಗಿತ್ತು. ಊಟಕ್ಕಾದರೂ ಬರುತ್ತೇನೋ ಎಂದು ಮ್ಯಾಪ್ ತೆಗೆದರೆ ನನ್ನ ಫೋಟೊ ಹರಿಹರದಲ್ಲಿತ್ತು. ಹರಿಹರದಲ್ಲಿ ನನಗೇನು ಕೆಲಸವೆಂದು ಅವಳು ನೋಡುತ್ತಲೇ ಇದ್ದಳು. ಫೋಟೊ ಊರು ದಾಟಿತು, ನಿಧಾನವಾಗಿ ತುಂಗಭದ್ರೆಯ ನೀಲಿ ಪಟ್ಟೆಯೊಳಗೆ ಹೋಯಿತು, ನಟ್ಟನಡುವೆ ನಿಂತಿತು. ಆಮೇಲೆ ಅಲ್ಲಾಡಲಿಲ್ಲ. ಫೋನ್ ಮಾಡಿದಳು. ಸ್ವಿಚ್ ಆಫ್.

ನಡೆದದ್ದು ಇಷ್ಟೇ. ಪಾಲಯ್ಯ ಹರಿಹರದಲ್ಲಿ ಗೊಬ್ಬರ ಕೊಳ್ಳಲು ನಿಂತು ಮಧ್ಯಾಹ್ನ ಮಾಡಿಕೊಂಡಿದ್ದ. ನಾನೆಲ್ಲಿದ್ದೇನೆಂದು ಹೊತ್ತುಹೊತ್ತಿಗೂ ಸಾರಿ ಸಾರಿ ಫೋನಿನ ಬ್ಯಾಟರಿ ಸುಸ್ತಾಗಿ, ಸರಿಯಾಗಿ ಸೇತುವೆಯ ಮೇಲೆ ಪ್ರಾಣ ಬಿಟ್ಟಿತ್ತು. ಪಾಲಯ್ಯನ ಆಟೋ ಮುಂದೆ ಹೋಯಿತು, ನನ್ನ ಫೋಟೊ ಹೊಳೆಯಲ್ಲೇ ಉಳಿಯಿತು. ಸೇತುವೆಯ ಸಣ್ಣ ಗೆರೆ ನನ್ನ ಅಗಲ ಮುಖದ ಕೆಳಗೆ ಮುಚ್ಚಿಹೋಗಿತ್ತು. ವಾಣಿ ಬೆರಳಿನಿಂದ ಮ್ಯಾಪನ್ನು ದೊಡ್ಡದು ಮಾಡಿದಷ್ಟೂ ನೀರೇ ದೊಡ್ಡದಾಯಿತಂತೆ. ಅದರ ನಡುವೆ ನಾನು ನಗುತ್ತಲೇ ಇದ್ದೆನಂತೆ.

"ಆ ನಗು ನೋಡಾಕಾಗ್ಲಿಲ್ಲರೀ," ಎಂದಳು. ಅದನ್ನು ಹೇಳುವಾಗ ನಾನು ತಮಾಷೆ ಮಾಡಲು ಹೋಗಲಿಲ್ಲ.

ಹರಿಹರದಲ್ಲಿರುವ ತಮ್ಮ ಬಸವಕಿರಣನಿಗೆ ಫೋನ್ ಮಾಡಿ, ನನ್ನ ಫೋಟೊ ಕಳಿಸಿ, ಸೇತುವೆಗೆ ಓಡಲು ಹೇಳಿದಳು. ತಾನು ಆಟೋ ಹತ್ತಿದಳು. ದಾರಿಯಲ್ಲಿ ಅಂಗಡಿ ನೋಡಿದರೆ ಷಟರ್ ಹಾಕಿತ್ತು. ಇದ್ದ ಸಣ್ಣ ಆಸೆಯೂ ಅಲ್ಲಿಗೆ ಮುಗಿಯಿತು.

ಇತ್ತ ನಾನು ನಿದ್ದೆ ತಿಳಿದೆದ್ದು, ತಿಪ್ಪೇಶನ ಬೈಕಿನಲ್ಲಿ ಮನೆಗೆ ಬಂದೆ. ಬೀಗ. ಪಕ್ಕದ ಮನೆಯ ನೀಲಕ್ಕ ಗೋಡೆಯ ಮೇಲಿಂದ ಇಣುಕಿದಳು.

"ಏನ್ರಿ ಅಣ್ಣಾರೆ, ನೀವಿಲ್ಲಿ ಅದೀರಿ? ವಾಣಕ್ಕ ಗಾಬರ್ಯಾಗಿ ಆಟೋ ಹತ್ತಿ ಹೋದ್ರು. ಹರಿಹರ, ಸೇತುವೆ, ತಮ್ಮ ಅಂತ ಫೋನ್ನಾಗೆ ಯಾರಿಗೋ ಹೇಳ್ತಿದ್ರು."

ಬಸವಕಿರಣ ಬೈಕ್ ಓಡಿಸುವ ರೀತಿ ನನಗೆ ಗೊತ್ತು. ಎಲ್ಲೋ ಬಿದ್ದಿದ್ದಾನೆ ಎಂದುಕೊಂಡೆ. "ಫೋನ್ ಕೊಡು ನೀಲಕ್ಕ, ವಾಣಿಗೆ ಮಾಡ್ತೀನಿ."

ಕೊಟ್ಟಳು. ನಾನು ಅದನ್ನು ಹಿಡಿದು ನಿಂತೆ. ವಾಣಿಯ ನಂಬರ್ ಏನು? ನನ್ನ ಫೋನಿನಲ್ಲಿ ಅವಳು 'ಮನೆ' ಎಂದಿದ್ದಳು. 'ಮನೆ' ಎಂದು ಒತ್ತಿದರೆ ಅವಳು ಮಾತಾಡುತ್ತಿದ್ದಳು. ಅದರ ಹಿಂದೆ ಅಂಕಿಗಳಿವೆ ಎಂಬುದೇ ಮರೆತುಹೋಗಿತ್ತು.

"ನಿನ್ನ ಫೋನ್ನಾಗೆ ವಾಣಿ ನಂಬರ್ ಇಲ್ಲೇನು?"

"ನಾವು ದಿನಾ ಗೋಡಿ ಮ್ಯಾಲಿಂದ ಮಾತಾಡೋರು. ನಂಬರ್ ಯಾಕ ಬೇಕ್ರಿ?" ಎಂದಳು ನೀಲಕ್ಕ. ಅದೂ ನ್ಯಾಯವೇ.

ಅಂಗಡಿಗೆ ಹೋಗಿ ಫೋನ್ ಹುಡುಕುವಷ್ಟು ತಾಳ್ಮೆಯಿಲ್ಲದೆ, ಹೊಳೆ ದಾಟಿ ಹೋಗುವ ಬಸ್ ಹತ್ತಿದೆ. ದಾರಿಯುದ್ದಕ್ಕೂ ಬಸವಕಿರಣನ ಮುಖವೇ ಕಣ್ಣ ಮುಂದೆ. ಹರಿಹರ ದಾಟಿ ಸೇತುವೆಗೆ ಬರುತ್ತಿದ್ದಂತೆ ಬಸ್ ನಿಂತಿತು. ಮುಂದೆ ಜನವೋ ಜನ. ಇಳಿದು ಓಡಿದೆ. ಮಳೆಗಾಲದ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಜನರೆಲ್ಲ ಕಟಕಟೆಗೆ ಒರಗಿ ಕೆಳಗೆ ನೋಡುತ್ತಿದ್ದರು. ನಾನೂ ಸಂದಿ ಮಾಡಿಕೊಂಡು ಬಗ್ಗಿ ನೋಡಿದೆ.

"ಏನಾತ್ರಿ? ಬೈಕ್ ಬಿತ್ತಾ?"

"ಬೈಕಲ್ಲರೀ," ಎಂದರು ಪಕ್ಕದಲ್ಲಿದ್ದ ಟವೆಲ್ಲಿನ ಹಿರಿಯರು. "ಯಾರೋ ದಾವಣಗೇರಿಯೋರು ಹಾರ್ಯಾರಂತೆ. ಮನ್ಯಾಗೆ ಜಗಳ ಮಾಡ್ಕೊಂಡು ಬಂದಿದ್ರಂತೆ."

ಬಸವಕಿರಣನಲ್ಲ ಎಂದು ತಿಳಿದು ಜೀವ ಬಂದಂತಾಯಿತು. "ಪಾಪ, ಏನ್ ಮಾಡ್ಕೊಂಡಿದ್ರು?" ಎಂದೆ.

"ಮೋಟ್ರು ರಿಪೇರಿ ಅಂಗಡಿಯಂತೆ."

ನಮ್ಮ ಕಸುಬಿನವರೇ. ಊರಿನ ವೈಂಡಿಂಗ್‌ನವರನ್ನೆಲ್ಲ ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ನೆನೆಸಿಕೊಂಡೆ. ಯಾರಿರಬಹುದು? "ಈ ಲೈನಿನಾಗೆ ಈಗ ಭಾಳ ಕಷ್ಟ ಐತ್ರಿ," ಎಂದು ಸುತ್ತಲಿದ್ದವರಿಗೆ ವಿವರಿಸಿದೆ. "ಜನ ಹೊಸಾ ಮೋಟ್ರೇ ತಗಂತಾರೆ. ಆದ್ರೂ ಹಿಂಗ್ ಮಾಡ್ಕೋಬಾರ್ದಿತ್ತು. ಹೆಂಡ್ತಿ ಮಕ್ಕಳ ಗತಿ ಏನು ಅಂತ ಯೋಚನೆ ಮಾಡ್ಬೇಕಿತ್ತು." ಎಲ್ಲರೂ ಹೌದೆಂದು ತಲೆಯಾಡಿಸಿದರು.

ಅಷ್ಟರಲ್ಲಿ ಹಿರಿಯರು ತಮ್ಮ ಫೋನ್ ಚಾಚಿದರು. "ಇವ್ರೇ ನೋಡ್ರಿ. ಈಗ ಗ್ರೂಪಿನಾಗೆ ಬಂತು. ಗುರುತು ಸಿಗ್ತದಾ?"

ಮದುವೆಯ ಫೋಟೊ. ಬಾಯಿತುಂಬ ಹಲ್ಲು.

ಹಿರಿಯರು ಫೋಟೊ ನೋಡಿದರು, ನನ್ನನ್ನು ನೋಡಿದರು. ಮತ್ತೆ ಫೋಟೊ ನೋಡಿದರು. ಮೆಲ್ಲಗೆ, ನೋವಾಗದಂತೆ ಕೇಳಿದರು. "ನಿಮ್ಮ ಅಣ್ಣಾರೇನ್ರಿ?"

ಜನರ ನಡುವೆ ವಾಣಿಯನ್ನು ಹುಡುಕಿದೆ. ಸೇತುವೆಯ ಆ ಕಡೆ, ಕಟಕಟೆ ಹಿಡಿದು ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಳುತ್ತಿರಲಿಲ್ಲ, ನೀರನ್ನು ನೋಡುತ್ತಿದ್ದಳು, ಅಷ್ಟೇ. ಕೆಳಗೆ ದಡದಲ್ಲಿ ಬಸವಕಿರಣ ತೆಪ್ಪದವರ ಹತ್ತಿರ ಕೈಮುಗಿದು ಏನೋ ಹೇಳುತ್ತಿದ್ದ.

"ವಾಣಿ," ಎಂದೆ.

ತಿರುಗಿದಳು. ಅವಳು ಓಡಿ ಬರಲಿಲ್ಲ. ಮೆಲ್ಲಗೆ ಬಂದು ನನ್ನ ಅಂಗಿಯ ತೋಳು ಹಿಡಿದಳು, ಬೆರಳಲ್ಲಿ ತಿಕ್ಕಿ ನೋಡಿದಳು.

"ಒದ್ದೆ ಆಗಿಲ್ಲ," ಎಂದಳು.

ಆಮೇಲೆ ಅಲ್ಲೇ ರಸ್ತೆಯ ಮೇಲೆ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಹಿಂದೆ ನಿಂತ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ವಿಷಯ ತಿಳಿದು ಜನ ಕರಗಿದರು. ಕೆಲವರಿಗೆ ಸ್ವಲ್ಪ ನಿರಾಸೆಯೂ ಆದಂತಿತ್ತು. ಹಿರಿಯರು ಮಾತ್ರ ಹೋಗುವ ಮುನ್ನ ನನ್ನ ಭುಜ ತಟ್ಟಿ, "ನೀವು ಹೇಳಿದ್ದು ಖರೆ ಐತಿ ನೋಡ್ರಿ. ಹೆಂಡ್ತಿ ಗತಿ ಏನು ಅಂತ ಯೋಚನೆ ಮಾಡ್ಬೇಕು," ಎಂದರು.

ಬಸವಕಿರಣನ ಮನೆಯಲ್ಲಿ ಚಹಾ ಕುಡಿಯುತ್ತಾ ಬೇವಿನ ಮರದಿಂದ ನೀಲಕ್ಕನವರೆಗೆ ನಡೆದದ್ದೆಲ್ಲ ಹೇಳಿದೆ. ಅವನು, "ಅಕ್ಕಾ, ಭಾವಾರ ಫೋನಿಗೆ ಇನ್ನೊಂದ್ಸಲ ಮಾಡಿ ನೋಡು," ಎಂದ. ಈ ಸಲ ರಿಂಗಾಯಿತು. ವಾಣಿ ಸ್ಪೀಕರ್ ಹಾಕಿದಳು.

"ಅಕ್ಕಾರೆ, ನಾನು ಪಾಲಯ್ಯ," ಎಂದಿತು ಫೋನ್. "ನಿಮ್ಮ ಯಜಮಾನ್ರು ನಮ್ಮ ಮೋಟ್ರು ಜೊತಿಗೆ ಬಂದ್ಬಿಟ್ಟಾರೆ. ಸುಸ್ತಾಗಿದ್ರು, ಚಾರ್ಜಿಗೆ ಹಾಕೀನಿ. ನಾಳೆ ಕಳಿಸಿಕೊಡ್ಲಾ?"

ಬಸವಕಿರಣ ಚಹಾ ಉಗುಳಿಕೊಂಡು ನಕ್ಕ. ವಾಣಿ ನಗಲಿಲ್ಲ. ಫೋನ್ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಮನೆಗೆ ಬಂದಾಗ ನೀಲಕ್ಕನ ಫೋನಿಂದ ನಂಗೆ ಒಂದ್ ಮಾತು ಹೇಳಾಕೆ ಏನಾಗಿತ್ತು?"

ಸುಳ್ಳು ಹೇಳುವ ಚೈತನ್ಯ ಉಳಿದಿರಲಿಲ್ಲ. "ನಿನ್ನ ನಂಬರ್ ನಂಗೆ ಗೊತ್ತಿಲ್ಲ."

ಬಸವಕಿರಣ ನಗು ನಿಲ್ಲಿಸಿ ಲೋಟ ಎತ್ತಿಕೊಂಡು ಒಳಗೆ ಹೋದ. ನಾನು ಸತ್ತೆನೆಂದು ತಿಳಿದಾಗಲೂ ಗಟ್ಟಿಯಾಗಿ ನಿಂತಿದ್ದ ಹೆಂಗಸು, ಈ ಮಾತಿಗೆ ಕಣ್ಣು ಒರೆಸಿಕೊಂಡಳು.

ಸಂಜೆ ಬಸ್ಸಿನಲ್ಲಿ ದಾವಣಗೆರೆಗೆ ಹೊರಟೆವು. ಹರಿಹರ ಬಿಟ್ಟ ಮೇಲೆ ವಾಣಿ ತಾನಾಗಿಯೇ ಬಾಯಿಬಿಟ್ಟಳು. "ಹೇಳ್ರಿ ನಾನು ಹೇಳಿದಂಗೆ." ತನ್ನ ನಂಬರನ್ನು ತುಂಡು ತುಂಡಾಗಿ ಹೇಳಿಕೊಟ್ಟಳು. ನಾನು ಮಗ್ಗಿ ಒಪ್ಪಿಸುವ ಹುಡುಗನಂತೆ ಹೇಳುತ್ತಾ ಹೋದೆ. ಒಂದು ಕಡೆ ತಪ್ಪಿದರೆ ಮತ್ತೆ ಮೊದಲಿಂದ. ಮುಂದಿನ ಸೀಟಿನಲ್ಲಿ ಈರುಳ್ಳಿ ವ್ಯಾಪಾರದ ಗೌಸ್ ಪೀರ್ ಕೂತಿದ್ದರು. ಅಂಗಡಿಗೆ ಬಂದು ಹೋಗುವವರು. ಕೇಳಿ ಕೇಳಿ ಅವರಿಗೂ ಬಾಯಿಪಾಠವಾಗಿರಬೇಕು. ಹಿಂದೆ ತಿರುಗಿ ತಮ್ಮ ಫೋನ್ ಕೊಟ್ಟರು. "ಹೊಡೆದೇ ನೋಡ್ರಿ ಸಾವ್ಕಾರೆ, ಬಂದೈತೋ ಇಲ್ಲೋ ಗೊತ್ತಾಗ್ತದೆ."

ಒಂದೊಂದೇ ಅಂಕಿ ಒತ್ತಿದೆ. ಪಕ್ಕದಲ್ಲೇ, ವಾಣಿಯ ಬ್ಯಾಗಿನಲ್ಲಿ ರಿಂಗಾಯಿತು. ನಾನು ಗೆದ್ದವನಂತೆ ಅವಳ ಮುಖ ನೋಡಿದೆ. ಅವಳು ನನ್ನ ಕಡೆ ತಿರುಗದೆ, ಫೋನ್ ತೆಗೆದು ಕಿವಿಗಿಟ್ಟುಕೊಂಡಳು.

"ಹಲೋ, ಯಾರ್ರಿ ಮಾತಾಡೋದು?"

"ನಾನು. ಪ್ರಶಾಂತ."

"ಏನಾಗ್ಬೇಕಿತ್ತು?"

ನಕ್ಕು ಇಟ್ಟುಬಿಡಬೇಕೆಂದಿದ್ದೆ. ಆದರೆ ಕಿಟಕಿಯಾಚೆ ಗದ್ದೆಗಳು ಕತ್ತಲಾಗುತ್ತಿದ್ದವು, ಕಿವಿಯಲ್ಲಿ ಅವಳ ಉಸಿರು ಕೇಳುತ್ತಿತ್ತು, ಮುಖ ನೋಡಿ ಮಾತಾಡುವ ಕಷ್ಟವಿರಲಿಲ್ಲ. ಸೇತುವೆಯ ಮೇಲೆ ಹೇಳದೆ ಬಿಟ್ಟದ್ದು ಹೊರಗೆ ಬಂತು.

"ಬೆಳಿಗ್ಗೆ ಹಂಗೆ ಅನ್ನಬಾರ್ದಿತ್ತು. ತಪ್ಪಾತು."

ಆ ಕಡೆ ಫೋನ್ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋಯಿತು. ಆ ಕಡೆ ಎಂದರೆ, ನನ್ನ ಪಕ್ಕೆಗೆ ತಾಗಿಕೊಂಡಿದ್ದ ಮೊಣಕೈಯ ಕಡೆ.

"ಸರಿಯಾಗಿ ಕೇಳಿಸ್ಲಿಲ್ಲ," ಎಂದಳು ವಾಣಿ. "ಇಲ್ಲಿ ಸಿಗ್ನಲ್ ಇಲ್ಲ ಕಾಣ್ತದೆ. ಸ್ವಲ್ಪ ಜೋರಾಗಿ ಹೇಳ್ರಿ."

ಗೌಸ್ ಪೀರ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ನಾನು ಗಂಟಲು ಸರಿಮಾಡಿಕೊಂಡೆ.

"ತಪ್ಪಾತು ಅಂದೆ."

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ಬಿಟ್ಟು ನಿಂತ.

"ಹಾಂ, ಈಗ ಕೇಳಿಸ್ತು," ಎಂದು ವಾಣಿ ಫೋನ್ ಇಟ್ಟಳು.